ಗಡ್ಡೆಯ ಖುರಾಕು

ಮೊನ್ನೆ ಮುಂಡರಗಿಯ ಬಸ್ಸಿನಲ್ಲಿ ಒಬ್ಬಾತ ಗಂಡಸರ ತೊಡೆಯ ಮೇಲೆಲ್ಲ ಒಂದೊಂದು ಚೀಟಿ ಇಡುತ್ತ ಬಂದ. ‘ಹೋದ ಗಂಡಸುತನ ಇಪ್ಪತ್ತೊಂದು ದಿನದಲ್ಲಿ ವಾಪಸು!’ ನಾನು ಹೊರಟದ್ದು ಗದಗಿನ ಆಸ್ಪತ್ರೆಗೆ, ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಗಂಡಸಿನ ಹಾರ್ಮೋನನ್ನೇ ಅಡಗಿಸುವ ಇಂಜೆಕ್ಷನ್ ತೆಗೆದುಕೊಳ್ಳಲು. ಎಂಥ ಗಿರಾಕಿಯನ್ನು ಹಿಡಿದನಪ್ಪ ಪುಣ್ಯಾತ್ಮ! ನಗು ಬಂತು. ಹಿಂದೆಯೇ ಲಕ್ಷ್ಮೇಶ್ವರದ ಸೋದರಮಾವನ ನೆನಪೂ ಬಂತು.

ಮಾವ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದ. ಅವನ ಮೀಸೆಗೆ ಓಣಿಯೇ ಹೆದರುತ್ತಿತ್ತು, ಅತ್ತೆಯೊಬ್ಬಳನ್ನು ಬಿಟ್ಟು. ಏಳು ವರ್ಷದ ಹಿಂದೆ ಅವನಿಗೂ ಇದೇ ಬೇನೆ. ಡಾಕ್ಟರು ಬಿಡಿಸಿ ಹೇಳಿದರು: “ಗಂಡಸಿನ ಹಾರ್ಮೋನು ಕ್ಯಾನ್ಸರ್ ಕಣದಾಗಿನ ಒಂದು ಪ್ರೋಟೀನಿಗೆ ಹೋಗಿ ಅಂಟತೈತ್ರಿ. ಆಮ್ಯಾಲ ಅದು ಕಣಕ್ಕ ‘ಬೆಳಿ’ ಅಂತ ಸೂಚನಾ ಕೊಡತೈತಿ.”

ಪೈಲ್ವಾನರ ಹಾಲು, ತುಪ್ಪ, ಬದಾಮಿಗೆ ನಮ್ಮಲ್ಲಿ ಖುರಾಕು ಎನ್ನುತ್ತಾರೆ. ಮಾವ ಅದನ್ನೇ ಹಿಡಿದುಕೊಂಡ. “ಅಂದ್ರ ಗಡ್ಡಿ ಖುರಾಕು ನನ್ನ ಮೈಯಾಗ ಐತಿ. ಬಂದ್ ಮಾಡ್ರಿ!”

ಇಂಜೆಕ್ಷನ್ ಶುರುವಾಗಿ ಗಡ್ಡೆ ತಗ್ಗಿತು, ಜೊತೆಗೆ ತೋಳುಗಳೂ ಬಡಕಲಾದವು. ಫ್ಯಾನಿನ ಕೆಳಗೆ ಕೂತಲ್ಲೇ ಬೆವರುತ್ತಿದ್ದ. ಬೆನ್ನ ಹಿಂದೆ ಶಿಷ್ಯರ ಗುಸುಗುಸು ನನಗೆ ತಡೆಯಲಾಗಲಿಲ್ಲ. ನಾನೊಬ್ಬ ದೊಡ್ಡ ಶಾಣ್ಯಾ ನೋಡಿ, ಶಿಗ್ಲಿಯ ಸಂತೆಯಲ್ಲಿ ತಾಕತ್ತಿನ ಲೇಹ್ಯ ಕೊಂಡು ದಿನಾ ಅವನ ಬದಾಮಿ ಹಾಲಿಗೆ ಗುಟ್ಟಾಗಿ ಕಲಸಿ ಕೊಟ್ಟೆ. ಪೈಲ್ವಾನ ಸೊರಗಿದರೆ ನಮ್ಮಲ್ಲಿ ಯಾರಾದರೂ ಮಾಡುವುದು ಅದನ್ನೇ.

ಮುಂದಿನ ರಕ್ತಪರೀಕ್ಷೆಯಲ್ಲಿ, ಕ್ಯಾನ್ಸರಿನ ಏರಿಳಿತ ತೋರಿಸುವ ಅಂಕಿ, ಇಳಿದಿದ್ದದ್ದು, ಮತ್ತೆ ಏರಿತ್ತು.

“ಬ್ಯಾರೆ ಏನರ ತಗೊಳ್ಳಾಕ ಹತ್ತೀರೇನ್ರಿ?” ಡಾಕ್ಟರು ಕೇಳಿದರು. ಬೆವರುವ ಸರದಿ ಈಗ ನನ್ನದು. ಒಪ್ಪಿಕೊಂಡೆ.

“ಇಂಥಾದ್ರಾಗ ಕೆಲವೊಮ್ಮೆ ಹಾರ್ಮೋನನ್ನ ಕೂಡಿಸಿರತಾರ. ಇವತ್ತಿಂದನ ಬಿಡ್ರಿ.”

ಮಾವ ನನ್ನತ್ತ ತಿರುಗಿದ. “ಲೇ, ನನ್ನ ಸಾಕಾಕ ಹತ್ತಿದ್ದ್ಯೋ, ನನ್ನ ಎದುರಾಳಿನ್ನೋ?”

ನೆಲ ಬಾಯಿಬಿಡಬಾರದೇ ಅನ್ನಿಸಿತು. ಲೇಹ್ಯ ಬಿಟ್ಟ ಮೇಲೆ ಅಂಕಿಯೇನೋ ಇಳಿಯಿತು. ಆದರೆ ಮುಂದೊಂದು ದಿನ ಆ ಕಣಗಳು ಹಾರ್ಮೋನಿಲ್ಲದೆಯೂ ಬೇರೆ ಪ್ರೋಟೀನುಗಳ ಸೂಚನೆ ಹಿಡಿದು ಬೆಳೆಯಬಹುದು ಎಂದು ಡಾಕ್ಟರು ಎಚ್ಚರಿಸಿದರು.

“ಒಂದು ಪಟ್ಟು ಬಿಡಿಸಿದ್ರ ಇನ್ನೊಂದು ಹಾಕತೈತಿ ಅನ್ರಿ. ಹಾಕಲಿ. ನಾನೂ ಸುಮ್ನ ಬೀಳಾಂವ ಅಲ್ಲ,” ಎಂದ ಮಾವ.

ಅಂದು ಸಂಜೆ ಗರಡಿಯಲ್ಲಿ ಅಂಗಿ ಕಳಚಿ ಎಲ್ಲರೆದುರು ನಿಂತ. “ನೋಡ್ರಿಲೇ ಈ ತೋಳು! ಗಂಡಸಿನ ಹಾರ್ಮೋನು ಬಂದ್ ಮಾಡಿಸೀನಿ, ಬದುಕಾಕ. ನಗಾವ್ರು ನನ್ನ ಮುಂದ ನಗ್ರಿ.” ಯಾರೂ ನಗಲಿಲ್ಲ. ಗಡ್ಡೆ ಆ ಇನ್ನೊಂದು ಪಟ್ಟು ಹಾಕಿ ಅವನನ್ನು ಕೆಡವಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ಅಷ್ಟೂ ವರ್ಷ ಕುಸ್ತಿ ಕಲಿಸಿದ.

ಅಂಥವನ ಅಳಿಯ ನಾನು, ಪ್ರತಿ ಸಲ ಇಂಜೆಕ್ಷನ್ನಿಗೆ ಹೊರಟಾಗಲೂ ಕೇಳಿದವರಿಗೆಲ್ಲ ಬೀಗರ ಊರಿಗೆ ಎಂದು ಸುಳ್ಳು ಹೇಳುತ್ತ ಬಂದಿದ್ದೆ. ಥೂ! ಪಕ್ಕದ ಸೀಟಿನವರು “ಎಲ್ಲಿಗಿ ಹೊಂಟೀರಿ?” ಎಂದಾಗ ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ: “ಪ್ರಾಸ್ಟೇಟ್ ಕ್ಯಾನ್ಸರ್ ಐತ್ರಿ. ಗಂಡಸಿನ ಹಾರ್ಮೋನು ಬಂದ್ ಮಾಡೂ ಇಂಜೆಕ್ಷನ್ ತಗೊಳ್ಳಾಕ ಹೊಂಟೀನಿ.”

ಪಕ್ಕದವರು ಮುಂದಿನ ಊರಲ್ಲಿ ಇಳಿದರು. ಆಗ ಹಿಂದಿನಿಂದ ಒಬ್ಬ ಧಡೂತಿ ಆಸಾಮಿ ಎದ್ದು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದ. “ನನಗೂ ಆರು ತಿಂಗಳಿಂದ ಉಚ್ಚಿ ಹೊಯ್ಯಾಕ ಭಾಳ ತ್ರಾಸೈತ್ರಿ. ಮನ್ಯಾಗೂ ಹೇಳಿಲ್ಲ. ಯಾವ ಡಾಕ್ಟರ್ರಿ?”

ಸರಿದು ಜಾಗ ಮಾಡಿಕೊಟ್ಟೆ. “ಕುಂಡ್ರಿ. ಜೋರಾಗಿ ಮಾತಾಡ್ರಿ. ನಾವೇನು ಕಳವು ಮಾಡಿಲ್ಲ.”