ತಗಡಿನ ಮೇಲಿನ ಸದ್ದು

ಇಟ್ಟಿಗೆ ಹೊರುವ ನಮ್ಮ ಗುಂಪಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಅನುಮಾನದಕ್ಕ’ ಅಂತ. ಸಿಮೆಂಟಿನ ಚೀಲವನ್ನೂ ಎತ್ತಿ ನೋಡದೆ ನಂಬುವವಳಲ್ಲ. ಮಳೆ ಕೈಕೊಟ್ಟ ವರ್ಷ ಗಂಡನ ಜೊತೆ ಊರು ಬಿಟ್ಟು ಬಂದು ನನ್ನ ಪಕ್ಕದ ಶೆಡ್ಡಿನಲ್ಲಿ ಒಲೆ ಹೂಡಿದ್ದಳು. ಶಾಲೆ ತಪ್ಪಬಾರದೆಂದು ಮಗಳನ್ನು ಊರಲ್ಲೇ ಅದರ ದೊಡ್ಡಮ್ಮನ ಬಳಿ ಬಿಟ್ಟಿದ್ದಳು. ಹದವಾದ ಮಳೆ ಬಿದ್ದ ಕೂಡಲೇ ಹೋಗಿ ಬಿತ್ತಬೇಕು. ತಡವಾದರೆ ಆ ವರ್ಷದ ಬೆಳೆ ಕೈಬಿಟ್ಟ ಹಾಗೇ.

ಹಿಂದೊಮ್ಮೆ ಅವಳ ಭಾವ ನಾಲ್ಕು ಹನಿ ಬಿದ್ದದ್ದಕ್ಕೇ "ಭಾರೀ ಮಳೆ" ಎಂದು ಕರೆಸಿಕೊಂಡು ಬೇಸ್ತು ಬೀಳಿಸಿದ್ದ. ಅಂದಿನಿಂದ ಬಾಯಿಮಾತು ನಡೆಯುವುದಿಲ್ಲ. ತಗಡಿನ ಮಾಡಿನ ಕೆಳಗೆ ಫೋನ್ ಹಿಡಿಯಬೇಕು, ಮಳೆಯ ಸದ್ದು ಇವಳ ಕಿವಿಗೇ ಬೀಳಬೇಕು.

ಈ ಸಲ ಫೋನ್ ಮಾಡಿದ್ದು ಮಗಳು. ಸ್ಪೀಕರಿನಲ್ಲಿ ತಗಡು ಧೋ ಎನ್ನುವುದನ್ನು ನಾನೂ ಕೇಳಿದೆ. ಗಂಡ ಹೆಂಡತಿ ಅದೇ ಸಂಜೆ ಬಸ್ಸು ಹತ್ತಿದರು. ಊರಲ್ಲಿ ಇಳಿದರೆ ಹೊಲದ ತುಂಬ ಧೂಳು! ದೊಡ್ಡಮ್ಮ ಕೂಲಿಗೆ ಹೋದಾಗ ಈ ಪುಟ್ಟಿ ಗೆಳತಿಯನ್ನು ಏಣಿ ಹತ್ತಿಸಿ, ಕುಡಿಯುವ ನೀರನ್ನೆಲ್ಲ ಮಾಡಿನ ಮೇಲೆ ಸುರಿಸಿದ್ದಳು.

"ಮಳೆ ಬಂದ್ರೆ ತಾನೇ ನೀನು ಬರೋದು?" ಅಂದಳಂತೆ.

ಅದಕ್ಕೂ ಇವಳು ಕರಗಲಿಲ್ಲ. ಮಗಳಿಗೆ ಎರಡು ಬಾರಿಸಿ ಮರುದಿನವೇ ಗಂಡನ ಜೊತೆ ವಾಪಸ್ಸು ಬಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೆರಡು ದಿನ ಇದ್ದು ಬಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದೆ.

"ಮೇಸ್ತ್ರಿ ಬೇರೆಯವರನ್ನ ತಗೊಂಡ್ರೆ ನೀನು ಕೆಲಸ ಕೊಡ್ತೀಯಾ?" ಎಂದು ಬೆನ್ನು ತಿರುಗಿಸಿ ಕೂತಳು. ಆದರೆ ಅವತ್ತು ತಟ್ಟೆಯ ಅನ್ನವನ್ನು ಹಾಗೇ ಮುಚ್ಚಿಟ್ಟಳು, ನಾನು ನೋಡಿದ್ದೇನೆ.

ವಾರ ಕಳೆದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಮಗಳ ಫೋನ್, ಮತ್ತೆ ಅದೇ ಸದ್ದು.

"ನೀರು ಹಾಳು ಮಾಡ್ಬೇಡ, ಇಡು ಫೋನು!" ಎಂದು ಇವಳು ಗದರಿದಳು. "ದೊಡ್ಡಮ್ಮನಿಗೆ ಕೊಡು."

"ಅವ್ರು ಹೊಲಕ್ಕೆ ಓಡಿದ್ರು."

"ಇನ್ನೂ ಸುಳ್ಳಾ?"

ಆ ಕಡೆಯಿಂದ ಮಗು, "ಅಮ್ಮಾ, ನೀನು ಬರ್ಬೇಡ ಬಿಡು. ಬಿತ್ತೋಕೆ ಅಪ್ಪನ್ನ ಕಳಿಸು, ಸಾಕು" ಅಂತು.

ಅನುಮಾನದಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಸದ್ದು ನಿಜವೋ ಸುಳ್ಳೋ ಎಂದು ಮತ್ತೆ ಕೇಳಲಿಲ್ಲ.

"ನಾನೇ ಬರ್ತೀನಿ ಕಣೇ" ಎಂದವಳು ಎಲ್ಲರೆದುರೇ ಗೊಳೋ ಎಂದು ಅತ್ತುಬಿಟ್ಟಳು.