ತಿಕ್ಕಿದರೆ ಹೋಗದ ಕಪ್ಪು

ನನ್ನ ಮಗಳ ಕುತ್ತಿಗೆಯ ಹಿಂದೆ ಕಪ್ಪು ಪಟ್ಟೆಯೊಂದು ಮೂಡಿದಾಗ ಅವಳಿಗೆ ಹತ್ತು ವರ್ಷ. ನಾನು ಅದನ್ನು ಕೊಳೆ ಎಂದುಕೊಂಡೆ. ಹಾಗೆ ಅಂದುಕೊಂಡು ಹೆಚ್ಚುಕಡಿಮೆ ಒಂದು ವರ್ಷ ಅದನ್ನು ತಿಕ್ಕಿದೆ. ಇದನ್ನು ಬರೆಯುವಾಗ ನನ್ನ ಕೈಗಳ ಮೇಲೆ ನನಗೇ ಅಸಹ್ಯವಾಗುತ್ತದೆ.

ಗೋವಾದ ಪರ್ವರಿಯಲ್ಲಿ ನಮ್ಮದು ಒಂದು ಕೋಣೆಯ ಬಾಡಿಗೆ ಮನೆ, ಹಿಂದೆ ತಗಡಿನ ಬಚ್ಚಲು. ಗಂಡ ಟೈಲ್ಸ್ ಕೂರಿಸುವ ಕೆಲಸಕ್ಕೆ ಹೋಗುತ್ತಾನೆ, ನಾನು ಎರಡು ಮನೆಗಳಲ್ಲಿ ಅಡುಗೆ ಮಾಡುತ್ತೇನೆ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಮಗಳಿಗೆ ಸ್ನಾನ ಮಾಡಿಸಿಯೇ ಹೋಗಬೇಕು ಎಂಬುದು ನನ್ನ ಹಟ. ತಾನೇ ಮಾಡಿಕೊಳ್ಳುತ್ತೇನೆ ಎಂದು ಅವಳು ಎಷ್ಟು ಹೇಳಿದರೂ ಬಿಡುತ್ತಿರಲಿಲ್ಲ. ತಲೆ ತಗ್ಗಿಸಿ ಕೂರಿಸಿ ಮೊದಲು ಕಡಲೆಹಿಟ್ಟು ಹಚ್ಚಿದೆ, ಆಮೇಲೆ ನಿಂಬೆಹೋಳು ಉಜ್ಜಿದೆ, ಅದೂ ಸಾಲದಾದಾಗ ಹಿಮ್ಮಡಿ ತಿಕ್ಕುವ ಕಲ್ಲು ತಂದೆ. ತಿಕ್ಕಿದಷ್ಟೂ ಚರ್ಮ ಒರಟಾಗುತ್ತಿತ್ತೇ ಹೊರತು ಕಪ್ಪು ಬಿಡುತ್ತಿರಲಿಲ್ಲ. ಅದರ ಸಿಟ್ಟು ಅವಳ ಬೆನ್ನ ಮೇಲೆ ಏಟಾಗಿ ಬೀಳುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಗಂಡ ಹೇಳುವುದು ಸುಳ್ಳಲ್ಲ.

ಈ ತಿಕ್ಕುವ ಚಾಳಿ ನನಗೆ ಇಲ್ಲಿಯದೇ ಬಂದರಿನ ಪಕ್ಕದ ಬಾಯ್ನಾ ಕೇರಿಯಿಂದ ಬಂದದ್ದು. ವಿಜಯಪುರದ ಕಡೆಯಿಂದ ಬಂದ ಅಪ್ಪ ಬಂದರಿನಲ್ಲಿ ಚೀಲ ಹೊರುತ್ತಿದ್ದ. ಸಮುದ್ರದಂಡೆಯ ನಮ್ಮ ಮನೆಯನ್ನು ಸರ್ಕಾರದವರು ಕೆಡವುವ ತನಕ ನಾನು ಅಲ್ಲಿಯೇ ಬೆಳೆದೆ. ಅಲ್ಲಿನವರ ಬಾಯಲ್ಲಿ ನಾವು ಘಾಟಿಗಳು, ಘಟ್ಟದಾಚೆಯವರು. ಆ ಮಾತಿನ ಹಿಂದೆಯೇ ಹೊಲಸು ಎಂಬ ಮಾತೂ ಬರುತ್ತಿತ್ತು. ಅವ್ವ ಎಷ್ಟೇ ದೂರದಿಂದ ನೀರು ಹೊತ್ತು ತರಲಿ, ತೆಂಗಿನ ನಾರಿನಿಂದ ನಮ್ಮ ಮೈ ಕೆಂಪಾಗುವವರೆಗೆ ತಿಕ್ಕದೆ ಶಾಲೆಗೆ ಕಳಿಸುತ್ತಿರಲಿಲ್ಲ. ಬಡವರು ಅನ್ನಲಿ, ಅದು ಖರೇ ಇದೆ; ಹೊಲಸರು ಮಾತ್ರ ಅನ್ನಬಾರದು ಎನ್ನುತ್ತಿದ್ದಳು. ಅವಳು ಬಿಟ್ಟುಹೋದ ಆಸ್ತಿ ಎಂದರೆ ನನಗೆ ಇದೊಂದೇ.

ಅವ್ವನಿಗೆ ಇನ್ನೊಂದು ಅಂಜಿಕೆಯೂ ಇತ್ತು. ಅಂಗನವಾಡಿಯಲ್ಲಿ ನನ್ನನ್ನು ತೂಗಿದಾಗಲೆಲ್ಲ ತೂಕ ಕಡಿಮೆ ಬರುತ್ತಿತ್ತು, ಬಾಯಿಗೆ ಬಂದಂತೆ ಬೈಸಿಕೊಂಡು ಅವಳು ಮನೆಗೆ ಬರುತ್ತಿದ್ದಳು. ಹಾಗಾಗಿ ನನ್ನ ಮಗಳು ಮೈಕೈ ತುಂಬಿಕೊಂಡು ಬೆಳೆದಾಗ ನಾನು ಗೆದ್ದೆ ಎಂದುಕೊಂಡೆ. ಊರಿಗೆ ಹೋದರೆ ನೆಂಟರು ಹುಡುಗಿಗೆ ಗೋವಾದ ನೀರು ಹತ್ತಿದೆ ಎಂದು ಗಲ್ಲ ಹಿಂಡುತ್ತಿದ್ದರು. ನಾನು ಒಳಗೊಳಗೇ ಬೀಗಿ, ಮನೆಗೆ ಬಂದು ದೃಷ್ಟಿ ತೆಗೆಯುತ್ತಿದ್ದೆ. ತೂಕ ಹೆಚ್ಚಾದರೂ ಬೈಸಿಕೊಳ್ಳುವ ಕಾಲ ಬಂದೀತೆಂದು ನಮ್ಮ ಏಳು ತಲೆಮಾರಿನಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಗೊತ್ತಿರಲಿಲ್ಲ. ನಾನು ಅಡುಗೆ ಮಾಡುವ ಮನೆಯೊಂದರಲ್ಲಿ ಯಜಮಾನರಿಗೆ ಸಕ್ಕರೆ ಕಾಯಿಲೆ. ಅವರಿಗೆ ದಿನಾ ಬಿಸಿ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮೊಳಕೆ ಕಾಳು ಆಗಬೇಕು. ನನ್ನಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಇಡೀ ಕಟ್ಟಡದಲ್ಲಿ ಇಲ್ಲವೆಂದು ಮನೆಯಾಕೆ ಬಂದವರಿಗೆಲ್ಲ ಹೇಳುತ್ತಿದ್ದಳು. ನನ್ನ ಮನೆಯಲ್ಲಿ ಮಾತ್ರ ಬೆಳಗ್ಗೆ ಚಹಾದಲ್ಲಿ ಅದ್ದಿದ ಪಾವ್, ಸಂಜೆ ನಾನು ಬರುವ ತನಕ ಅಂಗಡಿಯ ಪೊಟ್ಟಣದ ತಿಂಡಿ, ರಾತ್ರಿ ರೇಷನ್ ಅಕ್ಕಿಯ ಅನ್ನ. ಜೋಳ ತರಿಸಿದರೂ ರೊಟ್ಟಿ ಬಡಿಯಲು ತೋಳಲ್ಲಿ ಶಕ್ತಿ ಉಳಿದಿರುತ್ತಿರಲಿಲ್ಲ. ಮಗಳ ಕೈಗೆ ಚಿಲ್ಲರೆ ಕೊಟ್ಟು, ಬಾಗಿಲು ಹಾಕಿಕೊಂಡು ಒಳಗೇ ಇರು, ರಸ್ತೆಗೆ ಹೋಗಬೇಡ ಎಂದು ಹೇಳುತ್ತಿದ್ದೆ. ಅವಳು ಹೇಳಿದಂತೆಯೇ ಕೇಳುವ ಹುಡುಗಿ. ಒಳಗೇ ಇದ್ದಳು.

ಆ ವರ್ಷ ಸಾಬೂನು ಬೇಗ ಬೇಗ ಖರ್ಚಾಗತೊಡಗಿತು. ಯಾರು ಹಾಳು ಮಾಡುತ್ತಿದ್ದಾರೆಂದು ನಾನು ಕೂಗಾಡಿದೆ. ಒಂದು ಸಂಜೆ ಬೇಗ ಮನೆಗೆ ಬಂದಾಗ ಬಚ್ಚಲಿನಲ್ಲಿ ಮಗಳು ಕೂತಿದ್ದಳು. ಕೈಯಲ್ಲಿ ಪಾತ್ರೆ ತಿಕ್ಕುವ ತಂತಿ ಇತ್ತು, ಅದನ್ನು ಕುತ್ತಿಗೆಗೆ ಹಚ್ಚಿ ಉಜ್ಜುತ್ತಿದ್ದಳು. ತರಗತಿಯಲ್ಲಿ ಅವಳ ಪಕ್ಕದ ಹುಡುಗಿ ಬೆಂಚು ಬದಲಿಸಿದ್ದು ನನಗೆ ಆಮೇಲೆ ತಿಳಿಯಿತು. ನಾನು ತಂತಿ ಕಸಿದುಕೊಂಡೆ. ಯಾಕೆ ಎಂದು ಕೇಳಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ಕಲ್ಲು ಹಿಡಿದವಳೂ ನಾನೇ.

ಅದೇ ತಿಂಗಳು ಶಾಲೆಗೆ ಸರ್ಕಾರದ ಆರೋಗ್ಯ ತಪಾಸಣೆಯವರು ಬಂದರು. ಮಕ್ಕಳ ಎತ್ತರ, ತೂಕ, ಕಣ್ಣು, ಹಲ್ಲು ನೋಡಿ ಕೆಲವರ ಕೈಗೆ ಚೀಟಿ ಕೊಟ್ಟರು. ತಾಯಿಯ ಜೊತೆ ಆರೋಗ್ಯ ಕೇಂದ್ರಕ್ಕೆ ಬರಬೇಕೆಂದು ಅದರಲ್ಲಿತ್ತು. ಇಂಗ್ಲಿಷಿನ ಚೀಟಿಯನ್ನು ಮಗಳೇ ಓದಿ ಹೇಳಿದಳು. ತೂಕ ಎಂದಳು, ಕುತ್ತಿಗೆ ಎಂದಳು. ಕುತ್ತಿಗೆ ಎಂದದ್ದೇ ತಡ, ನನಗೆ ಬೇರೇನೂ ಕೇಳಿಸಲಿಲ್ಲ. ಕಡೆಗೂ ನಮ್ಮನ್ನು ಹೊಲಸರು ಎಂದು ಬರೆದೇ ಕಳಿಸಿದರಲ್ಲ ಎಂದು ಹೊಟ್ಟೆ ಉರಿಯಿತು. ಆರೋಗ್ಯ ಕೇಂದ್ರಕ್ಕೆ ಹೋಗುವ ದಿನ, ಡಾಕ್ಟರ ಎದುರು ಮಾನ ಹೋಗಬಾರದೆಂದು, ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿದೆ. ಒಂದೆರಡು ಕಡೆ ರಕ್ತ ಜಿನುಗಿತು. ಅವಳು ನೀರಿನ ಬಕೆಟ್ಟಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಕೊಂಕಣಿ ಮಾತಾಡುವವರು. ಜೊತೆಗಿದ್ದ ನರ್ಸ್ ನಮ್ಮ ಕಡೆಯವಳು, ಮಾತಿನಲ್ಲೇ ಗೊತ್ತಾಯಿತು. ಡಾಕ್ಟರು ಮಗಳ ಕೂದಲು ಸರಿಸಿ ಕುತ್ತಿಗೆ ನೋಡಿದರು. ಯಾರು ಹೀಗೆ ಮಾಡಿದ್ದು ಎಂದು ಕೇಳಿದಾಗ ನಾನು ಮೊಂಡುತನದಿಂದಲೇ ಉತ್ತರ ಕೊಟ್ಟೆ: ನಾನೇ, ದಿನಾ ತಿಕ್ಕುತ್ತೇನೆ, ನಮ್ಮದು ಸ್ವಚ್ಛ ಮನೆ. ಡಾಕ್ಟರು ನರ್ಸಿನ ಮುಖ ನೋಡಿದರು. ಅವಳು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು.

“ಅಕ್ಕಾರ, ಇದು ಹೊಲಸಲ್ರಿ. ಮೈಯಾಗಿನ ಬ್ಯಾನಿ ಹೊರಗ ಕಾಣಾಕತ್ತೇತಿ. ಎಷ್ಟ ತಿಕ್ಕಿದ್ರೂ ಹೋಗೂದಿಲ್ರಿ.”

ಡಾಕ್ಟರು ಹೇಳಿದ್ದನ್ನು ಅವಳು ನನಗೆ ಬಿಡಿಸಿ ಹೇಳಿದಳು. ಮಗಳ ತೂಕ ಅವಳ ವಯಸ್ಸಿಗೆ ಬಹಳ ಹೆಚ್ಚಾಗಿದೆ. ತಿಂದ ಸಕ್ಕರೆಯನ್ನು ಅರಗಿಸಲು ದೇಹ ಒಳಗೆ ಮೈಮುರಿದು ದುಡಿಯುತ್ತಿದೆ, ಆ ದಣಿವಿನ ಗುರುತು ಈ ಕಪ್ಪು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲದಿರಬಹುದು, ರಕ್ತ ಪರೀಕ್ಷೆ ಮಾಡಿ ನೋಡಬೇಕು. ಈಗಲೇ ಊಟ, ಓಡಾಟ ಸರಿಮಾಡಿದರೆ ತಡೆಯಬಹುದು. ಬಿಟ್ಟರೆ ಇನ್ನೂ ಹುಡುಗಿಯಾಗಿರುವಾಗಲೇ ಕಾಯಿಲೆ ಹಿಡಿಯಬಹುದು, ಮುಂದೆ ಕಣ್ಣು, ಮೂತ್ರಪಿಂಡದವರೆಗೂ ಹೋಗಬಹುದು. ನಾನು ತಲೆ ಆಡಿಸುತ್ತಾ ಕೂತೆ. ಆಗ ಮಗಳು ನನ್ನ ಕಡೆ ತಿರುಗಿದಳು.

“ನಾ ಚಲೋ ತೊಳ್ಕೋತೇನಿ ಅಂತ ಹೇಳಿದ್ನಲ್ಲ ಅವ್ವಾ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ನಮ್ಮಲ್ಲಿ ತಾಯಿ ಮಕ್ಕಳ ಕ್ಷಮೆ ಕೇಳುವ ರೂಢಿಯಿಲ್ಲ. ನಾನೂ ಕೇಳಲಿಲ್ಲ. ಮನೆಗೆ ಬಂದವಳೇ ಬಚ್ಚಲಿನಲ್ಲಿದ್ದ ಆ ತಿಕ್ಕುವ ಕಲ್ಲನ್ನು ಎತ್ತಿ ಹಿಂದಿನ ಚರಂಡಿಗೆ ಎಸೆದೆ.

ರಕ್ತ ಪರೀಕ್ಷೆಯ ಫಲಿತಾಂಶ ಗಡಿಯಲ್ಲಿ ನಿಂತಿತ್ತು. ಕಾಯಿಲೆ ಎನ್ನುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಮಗಳನ್ನು ದಿನಾ ಒಂದು ತಾಸು ಆಡಿಸಿ, ಓಡಿಸಿ ಎಂದರು. ಎಲ್ಲಿ ಎಂದು ಯಾರೂ ಹೇಳಲಿಲ್ಲ. ನಾನು ಕೆಲಸ ಮಾಡುವ ಕಟ್ಟಡದಲ್ಲಿ ಮಕ್ಕಳಿಗೆ ಚಂದದ ತೋಟವಿದೆ. ಅಡುಗೆಯವಳ ಮಗಳಿಗೆ ಅದಲ್ಲ ಎಂದು ಕಾವಲುಗಾರ ಅದರಲ್ಲಿ ತಪ್ಪೇನೂ ಇಲ್ಲವೆಂಬಂತೆ ಹೇಳಿದ. ನಮ್ಮ ಮನೆಯಿಂದ ಹೊರಬಿದ್ದರೆ ಮೇಲ್ಸೇತುವೆ ಕೆಲಸದ ಧೂಳು, ಲಾರಿ. ಪೊಟ್ಟಣದ ತಿಂಡಿ ತರಬಾರದೆಂದು ಶಾಲೆಯ ಗೋಡೆಯ ಒಳಗೆ ಸೂಚನೆ ಅಂಟಿಸಿದ್ದಾರೆ, ಗೋಡೆಯ ಹೊರಗಿನ ಅಂಗಡಿಯಲ್ಲಿ ಅದೇ ಪೊಟ್ಟಣಗಳು ಮಕ್ಕಳ ಕೈಗೆ ಎಟಕುವಷ್ಟು ಕೆಳಗೆ ಮಾಲೆಯಾಗಿ ತೂಗುತ್ತವೆ. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಊಟದ ತಟ್ಟೆಯ ಚಿತ್ರವಿದೆ. ಅದರ ಕೆಳಗಿನ ಬರಹ ಕೊಂಕಣಿಯಲ್ಲಿ, ಇಂಗ್ಲಿಷಿನಲ್ಲಿ. ಅಪ್ಪನ ಕಾಲದಿಂದ ನಾವು ಇಲ್ಲಿ ದುಡಿದರೂ ನಮ್ಮ ಭಾಷೆಗೆ ಆ ಗೋಡೆಯಲ್ಲಿ ಜಾಗವಿಲ್ಲ. ಹಸಿದ ಮಕ್ಕಳನ್ನು ತೂಗಲು ಕಲಿತ ಸರ್ಕಾರ ಈಗ ಕೊಬ್ಬಿದ ಮಕ್ಕಳನ್ನೂ ತೂಗುತ್ತಿದೆ. ತೂಗಿದ ಮೇಲೆ ಏನು ಎಂಬುದನ್ನು ತಾಯಂದಿರ ತಲೆಗೆ ಕಟ್ಟಿ ಮನೆಗೆ ಕಳಿಸುತ್ತದೆ. ಆ ಚೀಟಿ ಬರದೇ ಇದ್ದಿದ್ದರೆ ನಾನು ಇವತ್ತಿಗೂ ತಿಕ್ಕುತ್ತಿದ್ದೆ ಎಂಬುದೂ ಅಷ್ಟೇ ಖರೇ. ಅದಕ್ಕೇ ಯಾರ ಮೇಲೂ ಪೂರ್ತಿ ಸಿಟ್ಟಾಗಲು ಆಗುವುದಿಲ್ಲ.

ಈಗ ಸಂಜೆ ಒಂದು ಮನೆಯ ಕೆಲಸ ಬಿಟ್ಟಿದ್ದೇನೆ. ಗಂಡ ಗೊಣಗಿದ, ಆಮೇಲೆ ಸುಮ್ಮನಾದ. ನಾನೂ ಮಗಳೂ ಚರ್ಚಿನ ಹಿಂದಿನ ದಾರಿಯಲ್ಲಿ ಗದ್ದೆಯ ತನಕ ನಡೆದು ಬರುತ್ತೇವೆ. ದಿನ ಬಿಟ್ಟು ದಿನ ರೊಟ್ಟಿ ಬಡಿಯುತ್ತೇನೆ. ಮೊದಮೊದಲು ಅವಳು ರೊಟ್ಟಿಯ ಎದುರು ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದಳು, ಈಗ ಖಾರದ ಹಿಂಡಿ ಚಟ್ನಿಯ ಜೊತೆ ತಿನ್ನುತ್ತಾಳೆ. ಆರು ತಿಂಗಳಲ್ಲಿ ತೂಕ ಏರುವುದು ನಿಂತಿದೆ, ಇಳಿದಿಲ್ಲ. ಕಪ್ಪು ಹಾಗೆಯೇ ಇದೆ.

ಮೊನ್ನೆ ಮೂರನೆಯ ಸಲ ತಪಾಸಣೆಗೆ ಹೋಗಿದ್ದೆವು. ಮಗಳ ತೂಕ ಬರೆದುಕೊಂಡ ನರ್ಸ್ ನನ್ನನ್ನೂ ಆ ಕಡೆ ತಿರುಗಲು ಹೇಳಿದಳು. ನನ್ನ ತುರುಬಿನ ಕೆಳಗೆ ಬೆರಳಿಟ್ಟು, ನೀವೂ ಪರೀಕ್ಷೆಗೆ ರಕ್ತ ಕೊಟ್ಟೇ ಹೋಗಿ ಎಂದಳು. ನನಗೂ ಅದೇ ಪಟ್ಟೆ ಇತ್ತು. ತನ್ನ ಬೆನ್ನು ತನಗೆ ಕಾಣದು ಎಂದು ಊರಿಗೆಲ್ಲ ಹೇಳುವವಳು ನಾನು. ನನ್ನ ಕುತ್ತಿಗೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಹೊರಗೆ ಬೆಂಚಿನ ಮೇಲೆ ರಕ್ತದ ಸರದಿಗೆ ಕಾಯುತ್ತಾ ಮಗಳನ್ನು ಕೇಳಿದೆ, ನಿನಗೆ ಗೊತ್ತಿತ್ತೇ ಎಂದು. ರವಿವಾರಕ್ಕೊಮ್ಮೆ ನನ್ನ ತಲೆಗೆ ಎಣ್ಣೆ ಹಚ್ಚುವವಳು ಅವಳೇ. ಗೊತ್ತಿತ್ತು, ಬಹಳ ದಿನದಿಂದ ಎಂದಳು. ಹಾಗಾದರೆ ನಾನು ಹೊಡೆಯುವಾಗಲಾದರೂ ಯಾಕೆ ಹೇಳಲಿಲ್ಲ ಎಂದೆ. ಅವಳು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

“ಹೇಳಿದ್ರ ನೀನೂ ಹಂಗ ತಿಕ್ಕೋತಿದ್ದಿ. ಭಾಳ ಉರೀತೈತಿ ಅವ್ವಾ ಅದು.”