ತಟ್ಟೆ ಮುಟ್ಟದ ಪುಟ್ಟಮಾದಮ್ಮ

ನಮ್ಮ ಬೀದಿಯ ಓಟು ಎಲೆಕ್ಷನ್ ದಿನಕ್ಕೆ ಕಾಯುವುದಿಲ್ಲ. ಎರಡು ದಿನ ಮೊದಲೇ ಮಾದಪ್ಪನ ಗುಡಿಯಲ್ಲಿ ಮುಗಿದಿರುತ್ತದೆ. ಯಾರಿಗೆ ಹಾಕಬೇಕೆಂದು ಯಜಮಾನ ಚಿಕ್ಕಯ್ಯನವರು ಹೇಳುತ್ತಾರೆ. ವಿಭೂತಿ ತಟ್ಟೆಯ ಮೇಲೆ ಕರ್ಪೂರ ಹಚ್ಚುತ್ತಾರೆ. ಮನೆಗೊಬ್ಬ ಗಂಡಸು ಬಂದು ತಟ್ಟೆ ಮುಟ್ಟಿ, ನಮ್ಮ ಮನೆಯ ಓಟೆಲ್ಲ ಅಲ್ಲಿಗೇ ಎಂದು ಆಣೆ ಇಡುತ್ತಾನೆ. ಹೆಂಗಸರು ಹೊರಗೆ ಜಗಲಿಯ ಕೆಳಗೆ ನಿಂತು ನೋಡಬಹುದು. ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇದನ್ನು ಹೇಳುತ್ತಿರುವ ನಾನು ಶಿವರಂಜಿನಿ, ಇದೇ ಬೀದಿಯ ಅಂಗನವಾಡಿ ಕಾರ್ಯಕರ್ತೆ. ಮಕ್ಕಳಿಗೆ ಮೊಟ್ಟೆ ಬೇಯಿಸುವುದು ಸಾಲದೆಂದು ಹತ್ತು ವರ್ಷದ ಹಿಂದೆ ಮತದಾರರ ಪಟ್ಟಿಯನ್ನೂ ನನ್ನ ತಲೆಗೆ ಕಟ್ಟಿದರು. ಸತ್ತವರ ಹೆಸರು ತೆಗೆಸುವುದು, ಮದುವೆಯಾಗಿ ಬಂದವರದು ಸೇರಿಸುವುದು, ಮನೆಮನೆಗೆ ಓಟಿನ ಚೀಟಿ ಹಂಚುವುದು ನನ್ನ ಪಾಲು. ‘ನಿಮ್ಮ ಮತ ನಿಮ್ಮ ಹಕ್ಕು’ ಎಂಬ ಪೋಸ್ಟರನ್ನು ಆ ಗುಡಿಯ ಗೋಡೆಗೇ ಅಂಟಿಸಿದವಳೂ ನಾನೇ. ಆಣೆ ಇಡಿಸುವುದು ತಪ್ಪೆಂದು ನನಗೆ ಗೊತ್ತು. ಒಂದು ಸಲವೂ ಮೇಲಿನವರಿಗೆ ತಿಳಿಸಿಲ್ಲ. ತಟ್ಟೆ ಮುಟ್ಟುವವರಲ್ಲಿ ನನ್ನ ಗಂಡನೂ ಒಬ್ಬ.

ಪುಟ್ಟಮಾದಮ್ಮನದು ನಮ್ಮ ಮನೆಯಿಂದ ಮೂರನೆಯ ಮನೆ. ಉಮ್ಮತ್ತೂರಿನಿಂದ ಹದಿನೆಂಟಕ್ಕೆ ಮದುವೆಯಾಗಿ ಬಂದವಳಿಗೆ ಈಗ ಐವತ್ತೈದು ದಾಟಿದೆ. ಬೆಳಗ್ಗೆ ಆರಕ್ಕೆಲ್ಲ ಗೂಡ್ಸ್ ಆಟೋ ಹತ್ತಿ ಗುಂಡ್ಲುಪೇಟೆ ಕಡೆಯ ಹೊಲಗಳಿಗೆ ಚೆಂಡು ಹೂ ಕೀಳಲು ಹೋಗುತ್ತಾಳೆ. ಹೂವಿಲ್ಲದ ಕಾಲಕ್ಕೆ ಅರಿಶಿನ, ಈರುಳ್ಳಿ. ಹೂವಿನ ಕಪ್ಪು ಅಂಟು ಅವಳ ಬೆರಳಿಗೆ ಹತ್ತಿ, ಯಾವ ಸೋಪಿಗೂ ಜಗ್ಗುವುದಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಅದೇ ಕೈ.

ಗಂಡ ಮಾದಣ್ಣ ಒಳ್ಳೆಯ ಮನುಷ್ಯ. ಹೊಡೆದವನಲ್ಲ, ಕುಡಿದು ಬಿದ್ದವನಲ್ಲ. ಆದರೆ ಹೆಂಡತಿಗೂ ಒಂದು ಅಭಿಪ್ರಾಯ ಇರಬಹುದೆಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಪ್ರತಿ ಎಲೆಕ್ಷನ್ನಿಗೂ ತಾನು ಓಟು ಹಾಕಿ ಬಂದು ಸ್ಕೂಲಿನ ಎದುರಿನ ಹೊಂಗೆ ಮರದಡಿ ಕಾಯುತ್ತಿದ್ದ. ಅವಳು ಹೊರಗೆ ಬಂದರೆ ಎರಡೇ ಪ್ರಶ್ನೆ.

“ಆಯ್ತಾ?”

“ಊಂ.”

“ನಾನ್ ಏಳಿದ್ದಕ್ಕೇ ತಾನೆ?”

“ಊಂ ಕಣ್ರಿ, ನಡೀರಿ.”

ಈ ‘ಊಂ’ ಸುಳ್ಳೆಂದು ನನಗೆ ತಿಳಿದದ್ದು ಒಮ್ಮೆ ಚೀಟಿ ಕೊಡಲು ಹೋದಾಗ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಣೆಯ ಮಾತು ಬಂತು. “ನಾನು ಯಾರ್ಗ್ ಆಕ್ಬೇಕು ಅನ್ನಿಸ್ತದೋ ಅವ್ರಿಗೇ ಆಕ್ತಿವ್ನಿ” ಎಂದಳು, ಸೊಪ್ಪು ಬಿಡಿಸುತ್ತಾ. ಮಾದಪ್ಪನ ಮುಂದಿನ ಆಣೆ ಅಲ್ಲವೇನಕ್ಕ ಎಂದೆ. “ತಟ್ಟೆ ಮುಟ್ಟಿದ್ದು ಅವ್ರು ಕಣಮ್ಮಿ. ನಮ್ಮನ್ನ ಒಳಕ್ಕೇ ಕರೀದೆ ಇದ್ಮೇಲೆ ನಮ್ಮ ಮೇಲೆ ಯಾವ ಆಣೆ?”

ಮೆಲ್ಲಗೆ ವಿಚಾರಿಸಿದರೆ ಬೀದಿಯ ಅರ್ಧಕ್ಕರ್ಧ ಹೆಂಗಸರ ಕತೆ ಅದೇ ಆಗಿತ್ತು. ನನ್ನದೂ ಅದೇ, ಒಪ್ಪಿಕೊಂಡುಬಿಡುತ್ತೇನೆ. ಗಂಡಸರು ನಮ್ಮನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲವಾದ್ದರಿಂದ ನಮ್ಮ ಓಟು ನಮ್ಮದಾಗಿ ಉಳಿದಿತ್ತು.

ಹೋದ ವರ್ಷ ಮಾದಣ್ಣ ತೀರಿಕೊಂಡ. ಪಟ್ಟಿಯಿಂದ ಅವನ ಹೆಸರು ತೆಗೆಸಿದವಳು ನಾನೇ. ಈ ಸಲ ಪಂಚಾಯ್ತಿ ಎಲೆಕ್ಷನ್ ಬಂತು. ನಮ್ಮ ಸೀಟು ಹೆಂಗಸರಿಗೆ. ಚಿಕ್ಕಯ್ಯನವರು ತಮ್ಮನ ಸೊಸೆಯನ್ನು ನಿಲ್ಲಿಸಿದರು. ಪೋಸ್ಟರಿನಲ್ಲಿ ಅವಳಿಗಿಂತ ಅವಳ ಗಂಡನ ಮುಖವೇ ದೊಡ್ಡದು. ಆಚೆ ಬೀದಿಯ ಪುಟ್ಟಸಿದ್ದಮ್ಮ ತಾನಾಗಿಯೇ ನಿಂತಿದ್ದಳು. ತಾಲ್ಲೂಕು ಆಫೀಸಿಗೆ ಅಲೆದು ಎರಡೂ ಬೀದಿಗೆ ನಲ್ಲಿ ಹಾಕಿಸಿದವಳು ಅವಳು. ಪುಟ್ಟಮಾದಮ್ಮನ ಓಟು ಯಾರಿಗೆಂದು ನಾನು ಕೇಳಬೇಕಾಗಿರಲಿಲ್ಲ.

ಗುಡಿಯಲ್ಲಿ ಸೇರುವ ದಿನ ಯಜಮಾನರಿಂದ ಅವಳಿಗೇ ಕರೆ ಬಂತು: ಗಂಡಸು ಇಲ್ಲದ ಮನೆ, ಆಣೆಗೆ ಅವಳೇ ಬರಬೇಕು. ನನಗೋ ಹಿಗ್ಗು. ಮೊದಲ ಸಲ ಹೆಂಗಸೊಬ್ಬಳನ್ನು ಸಮಸಮಕ್ಕೆ ಒಳಗೆ ಕರೆಯುತ್ತಿದ್ದಾರೆ ಎಂದು ಕುಣಿದೆ. “ಓಗಕ್ಕ, ಓಗ್ಲೇಬೇಕು” ಎಂದು ಒಳ್ಳೆಯ ಸೀರೆ ಉಡಿಸಿ ಕಳಿಸಿದವಳು ನಾನು. ಅವಳು ಹೊಲದಿಂದ ಆಗತಾನೇ ಬಂದು ಸೋತಿದ್ದಳು.

“ಬಾರವ್ವ, ಮಾದಣ್ಣನ ಜಾಗ್ದಲ್ಲಿ ಈಗ ನೀನೇ. ಮುಟ್ಟವ್ವ” ಎಂದರು ಚಿಕ್ಕಯ್ಯನವರು, ಮರ್ಯಾದೆಯಿಂದಲೇ. ಅವಳು ಹೊಸ್ತಿಲು ದಾಟಿ ಕೈ ಚಾಚಿದಳು. ನನ್ನ ಮೂರ್ಖತನ ನನಗೆ ಹೊಳೆದದ್ದು ಆಗ. ವರ್ಷವರ್ಷವೂ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವಳು ಅವಳು. ತಟ್ಟೆ ಮುಟ್ಟಿದರೆ ಮುಗಿಯಿತು, ಸತ್ತರೂ ಮಾತು ಮುರಿಯುವುದಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡ ಓಟನ್ನು ಕಸಿಯುವ ಜಾಗಕ್ಕೆ ಸೀರೆ ಉಡಿಸಿ ಕಳಿಸಿದ್ದೆ.

ಅವಳು ಕೈ ಹಿಂದಕ್ಕೆ ತೆಗೆದಳು. “ನಾನ್ ಮುಟ್ಟಕಿಲ್ಲ.”

“ಯಾಕವ್ವ? ಮಾದಣ್ಣ ಒಂದ್ ಎಲೆಕ್ಷನ್‌ನಾಗೂ ತಪ್ಪಿದೋನಲ್ಲ.”

“ಅವ್ರು ತಪ್ಪಿಲ್ಲ ಬುಡಿ. ನಾನು ಮುಟ್ಟೇ ಇರ್ನಿಲ್ಲ. ನನ್ ಓಟ ನಂಗ್ ಬೇಕಾದೋರಿಗೇ ಆಕ್ಕೊಂಡ್ ಬಂದಿವ್ನಿ.”

ಒಳಗಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ತಿರುಗಿ, ಜಗಲಿಯ ಕೆಳಗೆ ತಮ್ಮ ತಮ್ಮ ಹೆಂಡತಿಯರನ್ನು ಹುಡುಕತೊಡಗಿದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನನ್ನ ಗಂಡ ನನ್ನನ್ನೇ ನೋಡುತ್ತಿದ್ದ.

ಚಿಕ್ಕಯ್ಯನವರು ದಡ್ಡರಲ್ಲ. “ಅಂಗಾದ್ರೆ ಇವತ್ತಿಂದ ಹೆಂಗಸ್ರೂ ಮುಟ್ಬೇಕು. ಬನ್ನಿ ಒಬ್ಬೊಬ್ರೇ” ಎಂದರು.

ಅವರ ಹೆಂಡತಿ ದೊಡ್ಡಮಲ್ಲಮ್ಮನೇ ಮೊದಲು ಹೊರಟದ್ದು, ಗುಡಿಯೊಳಕ್ಕಲ್ಲ, ಮನೆಗೆ. ಒಲೆ ಮೇಲೆ ಸಾರು ಇಟ್ಟು ಬಂದಿದ್ದಳಂತೆ. ಇನ್ನೊಬ್ಬಳ ಕರು ಹಗ್ಗ ಬಿಚ್ಚಿಕೊಂಡಿತ್ತು. ಮತ್ತೊಬ್ಬಳ ಮಗು ಅಳುತ್ತಿತ್ತಂತೆ. ಅದೋ ಅವಳ ಹೆಗಲ ಮೇಲೆ ಸೊಂಪಾಗಿ ನಿದ್ದೆ ಮಾಡುತ್ತಿತ್ತು. ನನಗೆ ಮೀಟಿಂಗ್ ಇತ್ತು. ಐದು ನಿಮಿಷದಲ್ಲಿ ಜಗಲಿಯ ಕೆಳಗೆಲ್ಲ ಖಾಲಿ. ಯಾರೂ ಒಲ್ಲೆ ಎನ್ನಲಿಲ್ಲ, ಯಾರೂ ಮುಟ್ಟಲಿಲ್ಲ. ಅಷ್ಟು ಗಂಡಸರ ನಡುವೆ ಅವಳೊಬ್ಬಳನ್ನೇ ಬಿಟ್ಟು ಬಂದೆವು. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಮಾರನೆಯ ಬೆಳಗ್ಗೆ ಆಟೋದಲ್ಲಿ ಅವಳಿಗೆ ಜಾಗ ಬಿಡಲಿಲ್ಲ. “ನಿನ್ ಬಾಯಿ ಸುಮ್ಕಿರಕ್ಕೆ ಏನಾಗಿತ್ತು? ಈಗ ನಮ್ಮ ಮನೇಲೆಲ್ಲ ಜಗಳ” ಎಂದು ಜೊತೆಯವರೇ ಬೈದರಂತೆ. ಅವಳು ಬಸ್ಸಿನಲ್ಲಿ ಹೋಗಿ ಕೆಲಸ ಮುಗಿಸಿಕೊಂಡು ಬಂದಳು. ಸಂಜೆ ಚೀಟಿ ಹಿಡಿದು ಹೋದರೆ, ಹೊಸ್ತಿಲಲ್ಲಿ ಕೂತು ನಿಂಬೆ ಸಿಪ್ಪೆಯಿಂದ ಬೆರಳು ಉಜ್ಜಿಕೊಳ್ಳುತ್ತಿದ್ದಳು.

“ಗುಡೀಲಿ ಎಲ್ರ ಮುಂದೆ ಯಾಕಕ್ಕ ಏಳ್ಬುಟ್ಟೆ?”

“ಸಾಕಾಗಿತ್ತು ಕಣಮ್ಮಿ. ಊಂ ಅಂದು ಅಂದು ಸಾಕಾಗಿತ್ತು.” ಇನ್ನೊಂದು ಬೆರಳು ಉಜ್ಜುತ್ತಾ ಹೇಳಿದಳು: “ನಮ್ಮನೆಯವ್ರಿಗೆ ಏಳ್ಬೇಕಾಗಿತ್ತು. ಹೊಡೀತಿರ್ನಿಲ್ಲ, ಬೈತಿರ್ನಿಲ್ಲ. ಆದ್ರೂ ಏಳ್ನಿಲ್ಲ ನೋಡು. ನಮ್ಮನೆ ಮಾತು ಉಳ್ಕೊಂತು ಅಂತ ನಂಬ್ಕೊಂಡೇ ಕಣ್ಮುಚ್ಚಿದ್ರು.”

ಓಟಿನ ದಿನ ಸ್ಕೂಲಿನ ಗೇಟಿನ ಹೊರಗೆ ಪಟ್ಟಿ ಹರಡಿಕೊಂಡು ಕೂತಿದ್ದೆ. ಮೂರು ಗಂಟೆಯ ಮೇಲೆ ಒಬ್ಬಳೇ ಬಂದಳು. ಪಟ್ಟಿಯಲ್ಲಿ ಅವಳ ಹೆಸರಿನ ಪಕ್ಕ ಈಗಲೂ ‘ಗಂಡ: ಮಾದಣ್ಣ’ ಎಂದೇ ಇದೆ. ಗುರುತು ಹಾಕಿ ಒಳಗೆ ಕಳಿಸಿದೆ. ಚಿಕ್ಕಯ್ಯನವರ ಕಡೆಯವರು ರಸ್ತೆಯಲ್ಲಿ ನಿಂತು ಬಂದವರ ಮುಖ ಓದುತ್ತಿದ್ದರು. ಹೊಂಗೆ ಮರದಡಿ ಯಾರೂ ಇರಲಿಲ್ಲ.

ಹೊರಗೆ ಬಂದವಳು ಕಾಲು ಎಳೆಯುತ್ತಾ ನೇರ ಆ ಮರದ ಹತ್ತಿರ ಹೋಗಿ ನಿಂತಳು. ನಾನು ಕೂತಲ್ಲಿಂದಲೇ, ಏನೂ ಯೋಚಿಸದೆ, “ಆಯ್ತಾ ಅಕ್ಕ?” ಎಂದುಬಿಟ್ಟೆ.

ಬೆಚ್ಚಿ ತಿರುಗಿದಳು. “ಆಯ್ತು. ಪುಟ್ಟಸಿದ್ದಮ್ಮಂಗೆ ಆಕ್ದೆ” ಎಂದಳು, ರಸ್ತೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ. ಆಮೇಲೆ ಮರದಡಿಯ ಖಾಲಿ ಜಾಗದ ಕಡೆ ಮುಖ ಮಾಡಿ, ದನಿ ತಗ್ಗಿಸಿದಳು.

“ನೀವು ಏಳಿದ್ದಕ್ಕಲ್ಲ ಕಣ್ರಿ.”